ಉಳಿದವರ ಪಾಲು

ನಿನ್ನೆ ಸಂಜೆಯೇ ಐಲ್ಸಾ ಪಿಟ್‌ಕೇರ್ನ್ ಬಾಲ್ಗಿಲ್ಲೊ ಟ್ರಸ್ಟಿನ ಶೇರುಗಳನ್ನೆಲ್ಲ ಮಾರಲು ಒಪ್ಪಿಸಿಬಿಟ್ಟಿದ್ದಳು. ಇವತ್ತು ಮಾಡಬೇಕಾದದ್ದು ಅಪ್ಪನ ಹೆಂಡತಿ ಡೋರೀನ್‌ಗೆ ಅದನ್ನು ಹೇಳುವುದೊಂದೇ. ಶೇರುದಾರರ ಸಭೆ ಮುಗಿದು ಊಟವಾದ ಮೇಲೆ, ಕಾರಿನಲ್ಲಿ, ಇಬ್ಬರೂ ಮುಂದಿನ ರಸ್ತೆಯನ್ನೇ ನೋಡುತ್ತಿರುವಾಗ ಹೇಳುವುದೆಂದು ಕನ್ನಡಿಯ ಮುಂದೆ ಹಲ್ಲುಜ್ಜುತ್ತ ಅವಳು ತೀರ್ಮಾನಿಸಿಯಾಗಿತ್ತು. ದಂತವೈದ್ಯನ ಮಗಳು, ಅರವತ್ತು ದಾಟಿದ ಮೇಲೂ ಅಪ್ಪ ಕಲಿಸಿದ ಹಾಗೆಯೇ ಹಿಂದಿನ ದವಡೆಯಿಂದ ಶುರುಮಾಡಿ ಸಣ್ಣ ಸಣ್ಣ ಸುತ್ತು ಹಾಕುತ್ತ ಮುಂದಕ್ಕೆ ಬರುವವಳು. ತೀರ್ಮಾನ ಬಾಯಲ್ಲಿ ಪುದೀನದ ಜೊತೆಗೇ ತಣ್ಣಗೆ ಹರಡಿಕೊಂಡಿತ್ತು. ಕಿಟಕಿಯಾಚೆ ಟೇ ನದಿ ಇರಲಿಲ್ಲ. ಸಮುದ್ರದಿಂದ ಎದ್ದ ಮಂಜು ಅದನ್ನು ಪೂರ್ತಿಯಾಗಿ ನುಂಗಿ, ರೈಲು ಸೇತುವೆಯ ಮೊದಲ ಎರಡು ಕಮಾನುಗಳನ್ನು ಮಾತ್ರ ಬಿಟ್ಟಿತ್ತು. ತಾನು ಮಾಡಿದ್ದರಲ್ಲಿ ತಪ್ಪಿಲ್ಲ. ವಕೀಲ ಆಕ್ಟರ್‌ಲೋನಿಯವರ ಬಾಯಿಂದಲೇ ಅದನ್ನು ಕೇಳಿಸಿಕೊಂಡು ಬಂದಿದ್ದಳು. ತಪ್ಪಿಲ್ಲ ಎಂದು ಇನ್ನೊಬ್ಬರಿಂದ ಕೇಳಿಸಿಕೊಂಡದ್ದು ಯಾಕೆ ತಪ್ಪಿನ ಹಾಗೇ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ ಎಂದು ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಬಾಯಿ ಮುಕ್ಕಳಿಸಿ ಉಗಿದಳು.

ಬಾಲ್ಗಿಲ್ಲೊ ಟ್ರಸ್ಟ್ ಏನನ್ನೂ ತಯಾರಿಸುವ ಕಂಪನಿಯಲ್ಲ. ಬೇರೆ ಕಂಪನಿಗಳ ಶೇರುಗಳನ್ನು ಕೊಂಡು ಅವುಗಳ ಮೇಲೆ ಕಾವು ಕೂತಿರುವುದೇ ಅದರ ಕಸುಬು. ಸೆಣಬಿನ ದುಡ್ಡು ಡಂಡಿ ಊರಿನಲ್ಲಿ ಹೊಳೆಯಾಗಿ ಹರಿಯುತ್ತಿದ್ದ ಕಾಲದಲ್ಲಿ ಹುಟ್ಟಿದ್ದು, ಗಿರಣಿಗಳೆಲ್ಲ ಮುಚ್ಚಿದ ಮೇಲೂ ಉಳಿದದ್ದು. ಊರಂಚಿನ ಬ್ರಾಟಿ ಫೆರಿಯ ಒಳ್ಳೆಯ ಮನೆಗಳಲ್ಲಿ ಅದರ ಶೇರು ಅಜ್ಜನಿಂದ ಮೊಮ್ಮಗನಿಗೆ ಗೋಡೆ ಗಡಿಯಾರದ ಹಾಗೆ ಇಳಿದುಬರುತ್ತಿತ್ತು. ಯಾರೂ ಮಾರುತ್ತಿರಲಿಲ್ಲ, ಯಾರೂ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ. ಆದರೆ ಒಂದು ಶೇರಿನ ಹಿಂದೆ ಒಂದು ಪೌಂಡಿನ ಆಸ್ತಿಯಿದ್ದರೆ ಪೇಟೆಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಎಂಬತ್ತೈದು ಪೆನ್ಸ್ ಮಾತ್ರ. ಈ ವ್ಯತ್ಯಾಸದ ವಾಸನೆ ಹಿಡಿದು ನ್ಯೂಯಾರ್ಕಿನ ಫಂಡೊಂದು ಬಂತು, ಸದ್ದಿಲ್ಲದೆ ರಾಶಿ ಶೇರು ಕೊಂಡಿತು, ಆಮೇಲೆ ಸದ್ದು ಮಾಡಿಕೊಂಡು ದುಡ್ಡು ವಾಪಸು ಕೇಳಿತು. ಆಡಳಿತ ಮಂಡಳಿ ಮಣಿದು ಶೇರು ವಾಪಸು ಕೊಳ್ಳಲು ಟೆಂಡರ್ ಕರೆದಿತ್ತು. ಹೊರಗೆ ಹೋಗುವವರು ತಮ್ಮ ಶೇರು ಒಪ್ಪಿಸಲಿ, ಹೆಚ್ಚುಕಡಿಮೆ ಪೂರ್ತಿ ಬೆಲೆ ಕೊಡುತ್ತೇವೆ. ಉಳಿಯುವವರಿಗೆ, ಉಳಿದದ್ದಕ್ಕಾಗಿ, ಒಂದು ಸಲಕ್ಕೆ ಮಾತ್ರ ದೊಡ್ಡದೊಂದು ವಿಶೇಷ ಡಿವಿಡೆಂಡು ಕೊಡುತ್ತೇವೆ. ಏನೂ ಹೇಳದೆ ಸುಮ್ಮನಿದ್ದವರು ಉಳಿದವರೆಂದೇ ಲೆಕ್ಕ.

ಬೇರೆ ಮನೆಗಳಲ್ಲಿ ಇದು ಬೆಲೆಯ ಪ್ರಶ್ನೆ. ಪಿಟ್‌ಕೇರ್ನ್ ಮನೆಯಲ್ಲಿ ಹಾಗಿರಲಿಲ್ಲ. ಅಪ್ಪ ತನ್ನ ಉಯಿಲಿನಲ್ಲಿ ಶೇರುಗಳನ್ನು ಯಾರಿಗೂ ಪೂರ್ತಿಯಾಗಿ ಕೊಟ್ಟಿರಲಿಲ್ಲ. ಎರಡನೆಯ ಹೆಂಡತಿ ಡೋರೀನ್ ಬದುಕಿರುವವರೆಗೆ ಅವುಗಳಿಂದ ಬರುವ ಆದಾಯ ಅವಳದು. ಶೇರುಗಳು ಮಾತ್ರ, ಡೋರೀನ್ ತೀರಿಕೊಂಡ ಮೇಲೆ, ಮಗಳದು. ಅಲ್ಲಿಯ ತನಕ ಎಲ್ಲವನ್ನೂ ನೋಡಿಕೊಳ್ಳುವ ಟ್ರಸ್ಟಿಯ ಹೊಣೆಯೂ ಮಗಳದೇ. ಊಟದ ಮೇಜಿನಲ್ಲಿ ಅಪ್ಪ ಆಗಾಗ ಹೇಳುತ್ತಿದ್ದ ಮಾತು, ಚರ್ಚಿನ ಪ್ರಾರ್ಥನೆಗಿಂತ ಹೆಚ್ಚು ಸಲ ಕೇಳಿದ ಮಾತು: ಮೊಟ್ಟೆ ತಿನ್ನು, ಹೇಂಟೆ ಮುಟ್ಟಬೇಡ. ಆಕ್ಟರ್‌ಲೋನಿ ಕೂಡ ಅದನ್ನೇ ಹಿಡಿದುಕೊಂಡಿದ್ದರು. "ಮೊಟ್ಟೆ ಅವರದು, ಹೇಂಟೆ ನಿಮ್ಮದು. ನೀವು ಶೇರು ಒಪ್ಪಿಸಿದ್ರೆ ಬರೋದು ಹೇಂಟೆ ಮಾರಿದ ದುಡ್ಡು. ಅದು ಮೂಲಧನ, ನಿಮಗೇ ಉಳಿಯತ್ತೆ. ಒಪ್ಪಿಸದೆ ಇದ್ರೆ ವಿಶೇಷ ಡಿವಿಡೆಂಡು ಬರತ್ತೆ. ಅದು ಆದಾಯ, ಅವರಿಗೆ ಹೋಗತ್ತೆ."

"ಅಷ್ಟು ಕೊಟ್ಟ ಮೇಲೆ ಶೇರಿನ ಬೆಲೆ ಅಷ್ಟೇ ಇಳಿಯತ್ತೆ," ಐಲ್ಸಾ ಹೇಳಿದ್ದಳು. "ಹೇಂಟೆಯ ಒಂದು ಕಾಲು ಮುರಿದು ಇದು ಮೊಟ್ಟೆ ಅಂತ ಕೊಟ್ಟ ಹಾಗೆ."

"ಮೊಟ್ಟೆ ಅಂತ ಕೊಟ್ಟರೆ ಮೊಟ್ಟೆನೇ. ಕಾನೂನು ಹೆಸರು ನೋಡತ್ತೆ, ರುಚಿ ನೋಡಲ್ಲ."

"ನಾನೇನು ಮಾಡಬೇಕು?"

ಆಕ್ಟರ್‌ಲೋನಿ ಕನ್ನಡಕ ತೆಗೆದು ಮೂಗಿನ ಮೇಲಿನ ಗುಳಿಗಳನ್ನು ಒತ್ತಿಕೊಂಡರು. "ಎರಡರಲ್ಲಿ ಯಾವುದು ಮಾಡಿದ್ರೂ ಯಾರೂ ನಿಮ್ಮನ್ನ ತಪ್ಪು ಅನ್ನೋ ಹಾಗಿಲ್ಲ. ಎಚ್ಚರಿಕೆಯವರಾದ್ರೆ ಒಳ್ಳೆ ಬೆಲೆ ಸಿಕ್ಕಾಗ ಒಪ್ಪಿಸ್ತಾರೆ. ಆದ್ರೆ ಐಲ್ಸಾ, ತಕ್ಕಡಿ ಹಿಡಿದವರೂ ನೀವೇ, ಒಂದು ತಟ್ಟೇಲಿ ಕೂತವರೂ ನೀವೇ. ನಿಮ್ಮ ತಂದೆ ಹಾಗೆ ಮಾಡಿಟ್ಟು ಹೋದ್ರು. ನಾನಾಗಿದ್ರೆ ಮಾಡ್ತಿರ್ಲಿಲ್ಲ."

ಅವಳು ಎಚ್ಚರಿಕೆಯವಳು. ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ರಸಾಯನಶಾಸ್ತ್ರ ಕಲಿಸಿ, ಒಂದು ಮಗುವಿನ ಬೆರಳನ್ನೂ ಸುಡಗೊಡದೆ ನಿವೃತ್ತಳಾದವಳು.

ಫೆರಿಯ ಏರಿನಲ್ಲಿರುವ ಅಪ್ಪನ ಮನೆಯ ಬಾಗಿಲಲ್ಲಿ ಡೋರೀನ್ ಆಗಲೇ ಕೋಟು ತೊಟ್ಟು ನಿಂತಿದ್ದಳು. ಎಂಬತ್ತರ ಹತ್ತಿರ; ಮೊಣಕಾಲು ಕೈಕೊಟ್ಟಿದ್ದರೂ ತುಟಿಗೆ ಬಣ್ಣ ಹಚ್ಚುವುದನ್ನು ಬಿಟ್ಟವಳಲ್ಲ. ಅಪ್ಪನ ಚಿಕಿತ್ಸಾಲಯದಲ್ಲಿ ಟೆಲಿಫೋನ್ ಎತ್ತಿಕೊಂಡು, ರೋಗಿಗಳ ಹೆಸರು ಕೂಗಿಕೊಂಡು ಇದ್ದವಳು, ಅಮ್ಮ ಸತ್ತ ಎರಡನೆಯ ವರ್ಷಕ್ಕೆ ಈ ಮನೆಯ ಮೆಟ್ಟಿಲು ಹತ್ತಿದಳು. ಲಾಕಿ ಕೇರಿಯ ಗಿರಣಿ ಸಾಲುಮನೆಯ ಮಾತನ್ನೂ ಜೊತೆಗೆ ತಂದಳು. ಆ ಕಡೆಯವರಿಗೆ ಕಂಡ ಹೆಂಗಸರೆಲ್ಲ ಅಕ್ಕರೆಯಿಂದ 'ಹೇಂಟೆ'. ಬಸ್ಸಿನವಳೂ ಹೇಂಟೆ, ಡಾಕ್ಟರೂ ಹೇಂಟೆ. ಫೆರಿಯ ಒಳ್ಳೆಯ ಮನೆಗಳಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಮೊದಲ ಸಲ ಕೇಳಿದಾಗ ಐಲ್ಸಾಳ ಕತ್ತಿನ ಹಿಂದೆ ಬೆಚ್ಚಗಾದದ್ದು ಇವತ್ತಿಗೂ ಬೆಚ್ಚಗಾಗುತ್ತದೆ.

"ತಡ ಮಾಡ್ದೆ ಕಣೇ ಹೇಂಟೆ. ಒಳ್ಳೆ ಸ್ಯಾಂಡ್‌ವಿಚ್ಚೆಲ್ಲ ಆ ಎಡಿನ್‌ಬರದವ್ರು ತಿಂದು ಮುಗಿಸಿರ್ತಾರೆ."

"ಊಟ ಸಭೆ ಆದ ಮೇಲೆ, ಡೋರೀನ್. ಬೆಲ್ಟ್ ಹಾಕ್ಕೊಳ್ಳಿ."

"ನಿಮ್ಮಪ್ಪ ಇದ್ದಾಗ ಸಭೆಗೆ ಮುಂಚೆನೂ ಕೊಡ್ತಿದ್ರು, ಆದ್ಮೇಲೂ ಕೊಡ್ತಿದ್ರು. ನ್ಯೂಯಾರ್ಕಿನವ್ರು ಅದಕ್ಕೂ ಕತ್ರಿ ಹಾಕ್ಸಿರ್ಬೇಕು."

ಕಾರು ಇಳಿಜಾರಿನಲ್ಲಿ ಮಂಜಿನೊಳಗೆ ಇಳಿಯಿತು. ಡೋರೀನ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಕೊಂಡಿಯನ್ನು ತೆಗೆಯುತ್ತ ಹಾಕುತ್ತ ಕೂತಿದ್ದಳು. ಏನೋ ಕೇಳಲಿದ್ದಾಳೆ. ಕೇಳುವ ಮೊದಲು ಅವಳು ಯಾವಾಗಲೂ ಏನಾದರೊಂದನ್ನು ತೆಗೆದು ಹಾಕುತ್ತಾಳೆ, ಗಡಿಯಾರದ ಪಟ್ಟಿ, ಕಿವಿಯ ಓಲೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಐಲ್ಸಾ ಅದನ್ನು ಗುರುತಿಸಿದ್ದಳು, ಒಬ್ಬಳನ್ನು ಒಪ್ಪಿಕೊಳ್ಳದಿರಲು ತೀರ್ಮಾನಿಸಿದಾಗ ಅವಳ ಬಗ್ಗೆ ಎಷ್ಟು ಚೆನ್ನಾಗಿ ತಿಳಿದುಕೊಳ್ಳುತ್ತೇವೆ ಎಂದು ಆಶ್ಚರ್ಯವೂ ಪಟ್ಟಿದ್ದಳು. ಆಮೇಲಿನ ಅಷ್ಟೂ ವರ್ಷ ವಾರಕ್ಕೊಮ್ಮೆ ಫೋನು. ಹೇಗಿದ್ದೀರಿ ಡೋರೀನ್. ಚೆನ್ನಾಗಿದೀನಿ ಹೇಂಟೆ. ಅಪ್ಪ ಹೋದ ಮೇಲೆ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲು ಬಂತು. ಚೆನ್ನಾಗಿದೀನಿ ಎಂದು ಆ ಕಡೆಯಿಂದ ಕೇಳಿದಾಗ ಐಲ್ಸಾಳೊಳಗೆ ಎಲ್ಲೋ ಒಂದು ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಕೆಮ್ಮು ಇದೆ ಎಂದು ಕೇಳಿದಾಗ ಅದೇ ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಅವಳು ಅದನ್ನು ನೋಡದ ಹಾಗೆ ಇರುತ್ತಿದ್ದಳು, ಪಕ್ಕದ ಮನೆಯ ಬಾಗಿಲಿನ ಹಾಗೆ.

"ನೆಟ್ಟಾದು ನಿಂಗೆ ಹೇಳಿದ್ನಲ್ಲ," ಡೋರೀನ್ ಹೇಳಿದಳು. ನೆಟ್ಟಾ ಅವಳ ತಂಗಿ. ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು, ಮಾತೂ ಬಲಗೈಯೂ ಹೋಗಿ, ಊರಿನ ಆ ತುದಿಯ ಆರೈಕೆಯ ಮನೆಯೊಂದರಲ್ಲಿದ್ದಾಳೆ. "ನಿಮ್ಮಪ್ಪನ ಓದೋ ಕೋಣೆ ಇದ್ಯಲ್ಲ. ಅಲ್ಲೀಗ ಯಾರು ಓದ್ತಾರೆ? ಧೂಳು ಓದತ್ತೆ. ಪಕ್ಕದಲ್ಲಿ ಒಂದು ಬಚ್ಚಲು ಮಾಡ್ಸಿ, ಬೆಳಿಗ್ಗೆ ಹೊತ್ತು ಕೈಗೊಬ್ಬಳನ್ನ ಇಟ್ಕೊಂಡ್ರೆ, ಅವಳನ್ನ ಕರ್ಕೊಂಡ್ಬಂದುಬಿಡ್ಬೋದು. ಎಲ್ಲ ಕೇಳಿಟ್ಕೊಂಡಿದೀನಿ. ಆ ವಿಶೇಷದ್ದು ಬಂದ್ರೆ ಆಗೋಗತ್ತೆ. ಬರತ್ತಲ್ಲ?"

ಇಲ್ಲೇ ಹೇಳಿಬಿಡಬಹುದಿತ್ತು. ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು.

"ಇವತ್ತು ಮತ ಹಾಕ್ತಾರೆ," ಐಲ್ಸಾ ಹೇಳಿದಳು. "ನೋಡೋಣ."

"ನೋಡೋಣ ಅನ್ನೋದು ನಿಮ್ಮಪ್ಪನ ಮಾತು. ಕೀಳೋ ಹಲ್ಲಿಗೂ ನೋಡೋಣ ಅಂತಿದ್ರು, ಅಷ್ಟರಲ್ಲಿ ಕಿತ್ತಾಗಿರ್ತಿತ್ತು."

ಡೋರೀನ್ ತನ್ನ ಮಾತಿಗೆ ತಾನೇ ನಕ್ಕಳು. ಕೊಂಡಿಯನ್ನು ಹಾಕಿದಳು. ಐಲ್ಸಾ ಒರಸುವ ಕಡ್ಡಿಗಳನ್ನು ಚಾಲೂ ಮಾಡಿದಳು, ಗಾಜಿನ ಮೇಲೆ ಹನಿ ಇರಲಿಲ್ಲ.

ನದಿ ದಡದ ಹೋಟೆಲಿನಲ್ಲಿ ಹುಡುಗಿಯೊಬ್ಬಳು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ ಕೊಡುತ್ತಿದ್ದಳು. ಶೇರುದಾರರಿಗೆ ನೀಲಿ, ಅತಿಥಿಗಳಿಗೆ ಹಳದಿ. ಅಪ್ಪನ ಕಾಲದಲ್ಲಿ ಡೋರೀನ್ ಅವನ ತೋಳು ಹಿಡಿದುಕೊಂಡು ಒಳಗೆ ನಡೆಯುತ್ತಿದ್ದಳು, ಯಾರೂ ಬಿಲ್ಲೆಯ ಬಣ್ಣ ನೋಡುತ್ತಿರಲಿಲ್ಲ. ಈಗ ಹಳದಿಯವರಿಗೆ ಬೇರೆ ಕುರ್ಚಿಗಳಿದ್ದವು, ಕಿಟಕಿಯ ಪಕ್ಕ, ಗೋಡೆಗೆ ಒತ್ತಿ. ಡೋರೀನ್ ಹಳದಿ ಬಿಲ್ಲೆಯನ್ನು ಕೋಟಿನ ಮೇಲೆ ಎರಡು ಸಲ ಸರಿಮಾಡಿಕೊಂಡಳು. "ಹೋಗು ಹೋಗು, ದೊಡ್ಡವ್ರ ಜೊತೆ ಕೂತ್ಕೋ. ನಂಗೆ ಇಲ್ಲಿಂದ ಬಿಸ್ಕತ್ತಿನ ಮೇಜು ಹತ್ರ." ಐಲ್ಸಾ ನಾಲ್ಕನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಸ್ಟರಕ್ ಎಂಬ ಮುದುಕರು. ಅಪ್ಪ ಹೋದ ಮೇಲೆ ಪ್ರತಿ ವರ್ಷದ ಸಭೆಯಲ್ಲಿ ಸಿಗುವವರು, ಹೆಸರು ಗೊತ್ತಿದ್ದು ಮನೆ ಗೊತ್ತಿಲ್ಲದವರು. ತಟ್ಟೆಯಲ್ಲಿದ್ದ ಬೆಣ್ಣೆ ಬಿಸ್ಕತ್ತನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಹೋದ ವರ್ಷಕ್ಕಿಂತ ಚಿಕ್ಕದು ನೋಡಿ. ಇದೂ ಹದಿನೈದು ಪರ್ಸೆಂಟ್ ಕಡಿಮೆಗೆ ಸಿಗ್ತಾ ಇದೆ." ಆಮೇಲೆ ದನಿ ತಗ್ಗಿಸಿ, "ನೀವೇನು ಮಾಡಿದ್ರಿ? ಒಪ್ಪಿಸಿದ್ರೋ, ಉಳಿದ್ರೋ?"

"ಇನ್ನೂ ಯೋಚನೆ ಮಾಡ್ತಿದೀನಿ."

"ಇವತ್ತು ಸಂಜೆಗೆ ಬಾಗಿಲು ಹಾಕ್ತಾರೆ. ನಾನು ಉಳ್ಕೊಂಡೆ. ಒಳ್ಳೆ ಬುದ್ಧಿಯಿಂದಲ್ಲ, ಕಂಪ್ಯೂಟರ್ ತೆಗೆಯೋಕೆ ಸೋಮಾರಿತನ. ಈ ಊರಲ್ಲಿ ಅರ್ಧ ನಿಷ್ಠೆ ಇರೋದೇ ಹೀಗೆ."

ಅಧ್ಯಕ್ಷರು ಎಡಿನ್‌ಬರದ ಮೆತ್ತನೆಯ ದನಿಯಲ್ಲಿ ಮಾತಾಡಿದರು. ಎಲ್ಲ ಶೇರುದಾರರ ಹಿತ, ಸಮತೋಲನ, ಕಠಿಣ ಆದರೆ ನ್ಯಾಯವಾದ ತೀರ್ಮಾನ. ನ್ಯೂಯಾರ್ಕಿನ ಫಂಡಿನ ಪರವಾಗಿ ಬಂದಿದ್ದ ಹೆಂಗಸು ಮೊದಲ ಸಾಲಿನ ತುದಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಒಂದು ಸಲವೂ ತಲೆಯೆತ್ತಲಿಲ್ಲ. ಅವಳ ಬೂಟಿನ ಅಂಚಿಗೆ ಒಣಗಿದ ಕೆಸರಿತ್ತು. ಇಷ್ಟು ಜನರ ಮನೆಯ ಗಡಿಯಾರ ಕಿತ್ತುಕೊಳ್ಳಲು ಬಂದವಳು ಬೆಳಿಗ್ಗೆ ದಡದಲ್ಲಿ ಒಬ್ಬಳೇ ನಡೆದಾಡಿರಬೇಕು, ಮಂಜಿನಲ್ಲಿ, ಸಮುದ್ರ ಎಲ್ಲಿದೆಯೆಂದು ಹುಡುಕುತ್ತ. ಐಲ್ಸಾಳಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳು ಬಾರದೆ ಹೋಗಿದ್ದರೆ ತಾನು ಏನನ್ನೂ ಆರಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ಮೊಟ್ಟೆ ಬರುತ್ತಿತ್ತು, ಡೋರೀನ್ ತಿನ್ನುತ್ತಿದ್ದಳು, ಒಂದು ದಿನ ಫೋನು ಬರುತ್ತಿತ್ತು. ಯಾರೂ ಯಾರನ್ನೂ ಆರಿಸದೆ ಎಲ್ಲವೂ ಆಗಿಹೋಗುತ್ತಿತ್ತು. ಕಾಯುವುದನ್ನು ಒಂದು ಗುಣವೆಂದು ತಿಳಿದು ಬದುಕಬಹುದಿತ್ತು.

ಪ್ರಶ್ನೆಗಳೇನಾದರೂ ಇವೆಯೇ ಎಂದು ಅಧ್ಯಕ್ಷರು ಕೇಳಿದರು. ಒಬ್ಬರು ಖರ್ಚಿನ ಬಗ್ಗೆ ಕೇಳಿದರು, ಇನ್ನೊಬ್ಬರು ತೆರಿಗೆಯ ಬಗ್ಗೆ. ಆಮೇಲೆ ಕಿಟಕಿಯ ಕಡೆಯಿಂದ ಕುರ್ಚಿ ಕರಕರ ಸರಿದ ಸದ್ದಾಯಿತು. ತಿರುಗಿ ನೋಡುವ ಮೊದಲೇ ಐಲ್ಸಾಳಿಗೆ ಯಾರೆಂದು ತಿಳಿದಿತ್ತು.

"ಹೋಗೋರಿಗೆ ಒಳ್ಳೆ ಬೆಲೆ ಕೊಡ್ತೀರಿ, ಸರಿ," ಡೋರೀನ್ ಹೇಳಿದಳು. ಚಿಕಿತ್ಸಾಲಯದಲ್ಲಿ ಹೆಸರು ಕೂಗುತ್ತಿದ್ದ ದನಿ, ಮೈಕು ಬೇಕಾಗಿರಲಿಲ್ಲ. "ಉಳಿಯೋರಿಗೆ ಈಗೊಂದ್ಸಲ ದೊಡ್ಡದಾಗಿ ಕೊಡ್ತೀರಿ, ಅದೂ ಸರಿ. ಆದ್ರೆ ಆಮೇಲೆ? ಮೂರು ತಿಂಗಳಿಗೊಂದ್ಸಲ ಬರ್ತಿತ್ತಲ್ಲ, ಅದು ಇರತ್ತೋ, ಇಲ್ಲ ಅದನ್ನೂ ಸೇರ್ಸಿ ಒಂದೇ ಸಲ ತಿನ್ಸಿ ಕಳಿಸ್ತೀರೋ?"

ಅಲ್ಲಲ್ಲಿ ನಗು ಎದ್ದಿತು, ಒಳ್ಳೆಯ ನಗು. ಅಧ್ಯಕ್ಷರೂ ನಕ್ಕರು. ಆಮೇಲೆ ಅವರ ಕಣ್ಣು ಹಳದಿ ಬಿಲ್ಲೆಯ ಮೇಲೆ ಕೂತಿತು.

"ಕ್ಷಮಿಸಬೇಕು ಮೇಡಂ. ತಾವು ಶೇರುದಾರರೇ?"

"ನಮ್ಮೆಜಮಾನ್ರು ಆಗಿದ್ರು."

"ಖಂಡಿತ. ಆದರೆ ಈ ಹೊತ್ತು ಪ್ರಶ್ನೆಗಳು ಶೇರುದಾರರಿಗೆ ಮೀಸಲು, ನಿಯಮ ನೋಡಿ. ತಾವು ಯಾರಾದರೂ ಶೇರುದಾರರ ಜೊತೆ ಬಂದಿದ್ದರೆ ಅವರು ತಮ್ಮ ಪರವಾಗಿ ಕೇಳಬಹುದು. ಬಂದಿದೀರಾ?"

ಕೋಣೆ ಕಾಯಿತು. ಎದ್ದು ನಿಲ್ಲುವುದೆಂದರೆ ಎಷ್ಟು ಕೆಲಸ. ಮೊಣಕಾಲು ಮಡಿಸಿದ್ದನ್ನು ಬಿಡಿಸಬೇಕು, ಚೀಲವನ್ನು ಪಕ್ಕಕ್ಕಿಡಬೇಕು, ಇವರು ನನ್ನ ಜೊತೆ ಎನ್ನಬೇಕು. ಮೂರು ಮಾತು. ಜೊತೆ ಎಂಬ ಮಾತಿಗಿಂತ ಮುಂಚೆ ಒಂದು ಸಂಬಂಧದ ಹೆಸರು ಬೇಕಾಗುತ್ತದೆ, ಇವರು ನನ್ನ ಏನು, ನನ್ನ ತಂದೆಯ ಏನು. ಉಳಿಯುವವರ ಪರವಾಗಿ ಕೇಳಬೇಕು, ಹೋಗಿಯಾದವಳು. ಐಲ್ಸಾ ನೆಲಗಂಬಳಿ ನೋಡಿದಳು. ಅದರಲ್ಲಿ ನೀಲಿ ಬಳ್ಳಿಯೊಂದು ಸುತ್ತಿಕೊಂಡು ಹೋಗಿ, ಕುರ್ಚಿಯ ಕಾಲಿನ ಕೆಳಗೆ ಮರೆಯಾಗಿ, ಆಚೆ ಕಡೆ ಹೊರಬರುತ್ತಿತ್ತು. ಹೊರಬಂದದ್ದು ಅದೇ ಬಳ್ಳಿಯೋ ಬೇರೆಯೋ ಎಂದು ಅವಳು ಬಹಳ ಗಮನವಿಟ್ಟು ನೋಡಿದಳು.

"ಇರ್ಲಿ ಬಿಡಿ," ಡೋರೀನ್ ಹೇಳಿದ್ದು ಕೇಳಿಸಿತು. ಕುರ್ಚಿ ಮತ್ತೆ ಕರಕರ ಎಂದಿತು.

"ಸರಿಯಾದ ಪ್ರಶ್ನೇನೇ ಕೇಳಿದ್ರು," ಸ್ಟರಕ್ ಪಿಸುಗುಟ್ಟಿದರು. "ಯಾರವರು, ಗೊತ್ತಾ?"

ಐಲ್ಸಾ ತಲೆಯಾಡಿಸಿದಳು. ಇಲ್ಲ ಎಂಬ ಹಾಗೆ.

ಮತಗಳು ಬಿದ್ದವು, ಎಲ್ಲವೂ ಮುಂಚೆಯೇ ಗೊತ್ತಿದ್ದ ಹಾಗೆ ಪಾಸಾಯಿತು. ಊಟದ ಮೇಜಿನ ಸುತ್ತ ಜನ ಶವಸಂಸ್ಕಾರ ಮುಗಿಸಿ ಬಂದವರ ಹಾಗೆ ತಟ್ಟನೆ ಗೆಲುವಾದರು. ಸ್ಟರಕ್ ತಮ್ಮ ಹೆಂಡತಿಯ ಆಪರೇಷನ್ನಿನ ಕಥೆ ಶುರುಮಾಡಿದ್ದರು. ಆಗ ಅವರಿಬ್ಬರ ನಡುವೆ ಒಂದು ತಟ್ಟೆ ಬಂತು, ತಟ್ಟೆಯ ಹಿಂದೆ ಡೋರೀನ್.

"ತಗೋ ಹೇಂಟೆ. ಮೀನಿಂದು ಎರಡೇ ಉಳ್ದಿತ್ತು, ನಿಂಗೆ ಅಂತ ಹಿಡ್ದಿಟ್ಟೆ. ಬರೀ ಕಾಫಿ ಕುಡ್ಕೊಂಡು ನಿಂತಿದೀಯಲ್ಲ, ಮನೇಲಿ ಏನೂ ತಿಂದಿರಲ್ಲ ನೀನು."

ಸ್ಟರಕ್ ಡೋರೀನ್‌ಳನ್ನು ನೋಡಿದರು, ಐಲ್ಸಾಳನ್ನು ನೋಡಿದರು. ಆಮೇಲೆ ತಮ್ಮ ಚಹಾದ ಬಟ್ಟಲಲ್ಲಿ ಏನೋ ಬಹಳ ಮುಖ್ಯವಾದದ್ದು ತೇಲುತ್ತಿರುವ ಹಾಗೆ ಅದರೊಳಗೆ ಬಗ್ಗಿದರು. ಅವರು ಒಳ್ಳೆಯವರು. ಒಳ್ಳೆಯವರಾದದ್ದರಿಂದಲೇ ಏನೂ ಹೇಳಲಿಲ್ಲ. ಒಂದು ಚುಚ್ಚುಮಾತು ಆಡಿದ್ದರೆ ಅದಕ್ಕೆ ಎದುರು ನಿಲ್ಲಬಹುದಿತ್ತು. ಐಲ್ಸಾ ಮೀನಿನ ಸ್ಯಾಂಡ್‌ವಿಚ್ ತಿಂದಳು. ಪೂರ್ತಿ ತಿಂದಳು, ಅಗಿದು, ಎರಡೂ ದವಡೆಯಲ್ಲಿ ಸಮವಾಗಿ. ಡೋರೀನ್ ಅಷ್ಟರಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚುಗಳನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು, ಮುಚ್ಚುಮರೆಯಿಲ್ಲದೆ.

"ನೆಟ್ಟಾಗೆ. ಹೋಗ್ತಾ ಇಳಿಸ್ತೀಯಲ್ಲ?"

ಕಾರಿನಲ್ಲಿ ಡೋರೀನ್ ಸಭೆಯ ಬಗ್ಗೆ ಮಾತೇ ಎತ್ತಲಿಲ್ಲ. ಮಂಜು ಸ್ವಲ್ಪ ಮೇಲೆದ್ದು ಊರಿನ ಅರ್ಧ ಕಾಣುತ್ತಿತ್ತು: ಕಟ್ಟಡಗಳ ಕೆಳಗಿನ ಅಂತಸ್ತು, ಜನರ ಕಾಲು. ಇಬ್ಬರೂ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಹೇಳಬೇಕೆಂದು ಗೊತ್ತುಮಾಡಿದ್ದ ಜಾಗ ಇದೇ. ಒಪ್ಪಿಸಿಬಿಟ್ಟೆ ಡೋರೀನ್. ಇದು ಎಚ್ಚರಿಕೆಯ ತೀರ್ಮಾನ. ನಿಮ್ಮ ಆದಾಯಕ್ಕೆ ಬೇರೆ ಏನಾದರೂ ಕೊಳ್ಳೋಣ, ಸರ್ಕಾರದ ಬಾಂಡು. ಮಾತುಗಳು ಬಾಯಲ್ಲಿ ಸಿದ್ಧವಾಗಿದ್ದವು. ಆದರೆ ಸಭೆಯಲ್ಲಿ ತೆರೆಯದ ಬಾಯಿಯನ್ನು ಇದಕ್ಕೆ ತೆರೆಯುವುದು ಅವಳಿಂದಾಗಲಿಲ್ಲ. ಬಲಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದಳು. ಡೋರೀನ್ ಹಳದಿ ಬಿಲ್ಲೆಯನ್ನು ಕೋಟಿನಿಂದ ಕಿತ್ತು, ಎಲ್ಲಿಡುವುದೆಂದು ನೋಡಿ, ಕೊನೆಗೆ ಬೂದಿ ತಟ್ಟೆಯಲ್ಲಿ ಹಾಕಿದಳು.

ಆರೈಕೆಯ ಮನೆಯಲ್ಲಿ ನೆಟ್ಟಾಳ ಕೋಣೆ ಕಾರಿಡಾರಿನ ಕೊನೆಗಿತ್ತು. ಕಾರಿನಲ್ಲೇ ಕೂತಿರುತ್ತೇನೆ ಎಂದು ಹೇಳಬಹುದಿತ್ತು. ಐಲ್ಸಾ ಇಳಿದು ಹಿಂದೆ ನಡೆದಳು. ನೆಟ್ಟಾ ಗಡಿಯಾರದ ಕಾರ್ಖಾನೆಯಲ್ಲಿ ಮುಳ್ಳು ಕೂರಿಸುತ್ತಿದ್ದವಳು. ಸಣ್ಣ ಹೆಂಗಸು, ಎತ್ತರದ ಕುರ್ಚಿಯಲ್ಲಿ ದಿಂಬುಗಳ ನಡುವೆ ಯಾರೋ ಇಟ್ಟುಹೋದ ಸಾಮಾನಿನ ಹಾಗೆ ಕೂತಿದ್ದಳು. ಎಡಗೈ ಮಾತ್ರ ತೊಡೆಯ ಮೇಲಿನ ಕಂಬಳಿಯ ದಾರ ಬಿಡಿಸುತ್ತಿತ್ತು. ಕಣ್ಣು ಮಾತ್ರ ಏನನ್ನೂ ಕಳೆದುಕೊಂಡಿರಲಿಲ್ಲ. ಅದು ಡೋರೀನ್‌ಳ ಮೇಲೆ ಒಂದು ಸಲ, ಐಲ್ಸಾಳ ಮೇಲೆ ಬಹಳ ಹೊತ್ತು ನಿಂತಿತು.

ಡೋರೀನ್ ಕರವಸ್ತ್ರ ಬಿಚ್ಚಿ, ಬ್ರೆಡ್ಡು ತೆಗೆದಿಟ್ಟು, ಮೊಟ್ಟೆಯನ್ನಷ್ಟೇ ಚಮಚದಲ್ಲಿ ಹಿಸುಕುತ್ತ ಕಥೆ ಶುರುಮಾಡಿದಳು.

"ಏನ್ ಜನ ಅಂತೀಯ ನೆಟ್ಟಾ. ನಾನೆದ್ದು ನಿಂತೆ. ನಿಂತ್ಕೊಂಡು ಕೇಳ್ದೆ, ಇವತ್ತು ದೊಡ್ಡದಾಗಿ ಕೊಟ್ಟು ನಾಳೆಗೆ ಕೈಯೆತ್ತಿಬಿಡ್ತೀರಾ ಅಂತ. ಎಲ್ರೂ ನಕ್ರು. ಆ ಅಧ್ಯಕ್ಷ, ಒಳ್ಳೆ ಇಸ್ತ್ರಿ ಮಾಡಿದ ಮನುಷ್ಯ, ಮೇಡಂ ತಾವ್ಯಾರು ಅಂತ ಕೇಳ್ದ. ಬಾಯಿ ತೆಗಿ. ಹೂಂ. ನಂಗೆ ಏನು ಹೇಳ್ಬೇಕೋ ತೋಚ್ಲಿಲ್ಲ. ಅಷ್ಟರಲ್ಲಿ ನಮ್ಮ ಐಲ್ಸಾ ಎದ್ದು ನಿಂತ್ಲು ನೋಡು. ಇವ್ರು ನಮ್ಮವ್ರು, ಅಂದ್ಲು. ಇವ್ರ ಪ್ರಶ್ನೆಗೆ ಉತ್ರ ಕೊಡಿ, ಅಂದ್ಲು. ಆ ಪಾಠ ಮಾಡೋ ದನಿ ಇದ್ಯಲ್ಲ, ಆ ದನೀಲಿ. ಅವ್ನ ಮುಖ ನೋಡ್ಬೇಕಿತ್ತು ನೀನು."

ಚಮಚ ಏರಿತು, ಇಳಿಯಿತು. ಡೋರೀನ್ ಐಲ್ಸಾಳ ಕಡೆ ನೋಡಲೇ ಇಲ್ಲ. ಸುಳ್ಳನ್ನು ಅವಳು ಐಲ್ಸಾಳಿಗಾಗಿ ಹೇಳುತ್ತಿರುವ ಹಾಗೆ ಕಾಣಲಿಲ್ಲ. ಚುಚ್ಚಲಿಕ್ಕೂ ಅಲ್ಲ, ಕ್ಷಮಿಸಲಿಕ್ಕೂ ಅಲ್ಲ. ತಂಗಿಗೆ ಒಂದು ಒಳ್ಳೆಯ ದಿನ ತಂದುಕೊಡಬೇಕಿತ್ತು, ಸ್ಯಾಂಡ್‌ವಿಚ್ಚಿನ ಜೊತೆ ಕಟ್ಟಿಕೊಂಡು. ಇದ್ದ ಸಾಮಾನಿನಲ್ಲಿ ಮಾಡಿದ್ದಳು. ನೆ‌ಟ್ಟಾಳ ಕಣ್ಣು ಮತ್ತೆ ಐಲ್ಸಾಳ ಮೇಲೆ ಬಂತು, ನಿಜವೇ ಎಂದು ಕೇಳಿತು. ಐಲ್ಸಾ ತಲೆಯಾಡಿಸಿದಳು. ಹೌದು ಎಂಬ ಹಾಗೆ. ಒಂದೇ ದಿನದಲ್ಲಿ ಎರಡು ಸಲ ತಲೆಯಾಡಿಸಿ ಎರಡು ಸಲವೂ ಸುಳ್ಳಾಗಿದ್ದಳು. ಕುತ್ತಿಗೆಯ ಸಣ್ಣ ಚಲನೆ, ಅಷ್ಟೇ. ಅಷ್ಟರಲ್ಲಿ ಒಬ್ಬಳು ಇಲ್ಲವಾಗಿದ್ದಳು, ಇನ್ನೊಬ್ಬಳು ಹುಟ್ಟಿದ್ದಳು, ಎದ್ದು ನಿಂತು ಇವರು ನಮ್ಮವರು ಎಂದ ಐಲ್ಸಾ. ಆ ಐಲ್ಸಾ ಈ ಕೋಣೆಯಲ್ಲಿ ಮಾತ್ರ ಇದ್ದಳು. ಅವಳ ಮುಂದೆ ಕೂತಿರಲು ಆಗದೆ ಐಲ್ಸಾ ಎದ್ದು ಹೊರಗೆ ಬಂದಳು.

ಕಾರಿಡಾರಿನಲ್ಲಿ ಬೇಯಿಸಿದ ಎಲೆಕೋಸಿನ ವಾಸನೆ. ಶೇರು ಖಾತೆಯಿದ್ದ ಕಂಪನಿಗೆ ಫೋನು ಮಾಡಿದಾಗ ಸಂಗೀತ ಬಂತು, ಬಹಳ ಹೊತ್ತು ಬಂತು. ಅವಳು ಗೋಡೆಗೆ ಹಣೆ ತಾಗಿಸಿಕೊಂಡು ನಿಂತಳು, ಶಾಲೆಯಲ್ಲಿ ಮಕ್ಕಳನ್ನು ಹೀಗೆ ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ಕೊನೆಗೆ ಗ್ಲಾಸ್ಗೋ ಕಡೆಯ ಯುವಕನ ದನಿ.

"ಬಾಲ್ಗಿಲ್ಲೊ ಟ್ರಸ್ಟ್. ನಿನ್ನೆ ಎಲ್ಲ ಶೇರು ಒಪ್ಪಿಸಿದೀನಿ ಅಂತ ಸೂಚನೆ ಕೊಟ್ಟಿದ್ದೆ. ಅದನ್ನ ವಾಪಸ್ ತಗೋಬೇಕು."

"ಐದು ಗಂಟೆವರೆಗೂ ಆಗತ್ತೆ ಮೇಡಂ. ಆದ್ರೆ ಒಂದ್ಸಲ ರದ್ದು ಮಾಡಿ ಸಮಯ ಮುಗಿದ್ರೆ ಮತ್ತೆ ಒಪ್ಪಿಸೋಕೆ ಆಗಲ್ಲ. ಈ ಬೆಲೆ ಆಮೇಲೆ ಪೇಟೇಲಿ ಸಿಗ್ದೆ ಇರಬಹುದು. ನಾನು ಸಲಹೆ ಕೊಡೋ ಹಾಗಿಲ್ಲ—"

"ಕೊಡಬೇಡಿ."

"ಖಾತೆ ಟ್ರಸ್ಟಿ ಹೆಸರಲ್ಲಿದೆ. ತೀರ್ಮಾನ ನಿಮ್ಮದೇನಾ?"

"ನಂದೇ. ಮೊದಲಿಂದು ಯಾರದ್ದು ಅಂತ ಗೊತ್ತಿಲ್ಲ. ಇದು ನಂದು."

ಆ ಕಡೆ ಕೀಲಿಮಣೆಯ ಟಕಟಕ. ಅವನಿಗೆ ಇದು ದಿನದ ಎಷ್ಟನೆಯದೋ ಕರೆ. "ಆಯ್ತು ಮೇಡಂ. ರದ್ದಾಯ್ತು. ಖಾತೆಯಲ್ಲಿ ಒಪ್ಪಿಸಿದ್ದು ಅಂತ ಎಲ್ಲೂ ಕಾಣಲ್ಲ. ಏನೂ ಆಗೇ ಇಲ್ಲ ಅನ್ನೋ ಹಾಗಿದೆ ಈಗ."

ಅವನು ಸಮಾಧಾನವಾಗಲೆಂದೇ ಹೇಳಿದ್ದ. ಐಲ್ಸಾ ಫೋನು ಕೆಳಗಿಳಿಸಿದಳು. ಏನೂ ಆಗೇ ಇಲ್ಲ ಅನ್ನೋ ಹಾಗೆ. ಡಿವಿಡೆಂಡು ಬರುತ್ತದೆ, ಬಚ್ಚಲು ಕಟ್ಟುತ್ತಾರೆ, ಡೋರೀನ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ, ನಮ್ಮ ಐಲ್ಸಾ ಉಳ್ಕೊಂಡ್ಲು ನೋಡು ಅಂತ. ಅವಳ ಖಾತೆ ಶುಭ್ರವಾಗಿತ್ತು. ಇಷ್ಟು ಸುಲಭವಾಗಿ ಒಳ್ಳೆಯವಳಾಗಿಬಿಡಬಹುದು, ಒಂದು ಫೋನಿನಲ್ಲಿ, ಯಾರಿಗೂ ಗೊತ್ತಾಗದ ಹಾಗೆ ಕೆಟ್ಟವಳಾಗಿ, ಯಾರಿಗೂ ಗೊತ್ತಾಗದ ಹಾಗೆ ವಾಪಸು ಬಂದು. ಒಳಗೆ ಡೋರೀನ್ ನಗುವ ಸದ್ದು ಕೇಳಿಸುತ್ತಿತ್ತು. ಬೇಡ, ಎಂದುಕೊಂಡಳು ಐಲ್ಸಾ. ಇದು ಬೇಡ. ಗೋಡೆಯಿಂದ ಹಣೆ ತೆಗೆದು, ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲು ತಳ್ಳಿದಳು.

"ಡೋರೀನ್. ನಾನು ಎದ್ದು ನಿಲ್ಲಲಿಲ್ಲ."

ಡೋರೀನ್‌ಳ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. "ಸುಮ್ನಿರೇ," ಎಂದಳು ಮೆಲ್ಲಗೆ, ತಂಗಿಯ ಕಡೆ ಕಣ್ಣು ಮಾಡಿ. "ಅದನ್ಯಾಕೆ ಈಗ."

"ನಿಲ್ಲಲಿಲ್ಲ. ಪಕ್ಕದಲ್ಲಿದ್ದವರು ಅವರ್ಯಾರು ಅಂತ ಕೇಳಿದ್ರು, ಗೊತ್ತಿಲ್ಲ ಅಂದೆ. ಇನ್ನೂ ಇದೆ. ನಿನ್ನೆ ಸಂಜೆ ಎಲ್ಲ ಶೇರು ಒಪ್ಪಿಸಿಬಿಟ್ಟಿದ್ದೆ. ನೀವು ಬೆಳಿಗ್ಗೆ ಕಾರಲ್ಲಿ ಕೇಳಿದಾಗ ಆಗಲೇ ಒಪ್ಪಿಸಿದ್ದೆ. ನಿಮಗೆ ವಿಶೇಷದ್ದು ಬರ್ತಿರಲಿಲ್ಲ. ಈಗ ಹೊರಗೆ ಹೋಗಿ ವಾಪಸ್ ತಗೊಂಡೆ. ಬರತ್ತೆ. ನಿಮ್ಮದೇ, ಕಾನೂನಿನ ಪ್ರಕಾರ ನಿಮ್ಮದು, ನಾನು ಕೊಟ್ಟಿದ್ದಲ್ಲ."

ಡೋರೀನ್ ಚಮಚವನ್ನು ತಟ್ಟೆಯಲ್ಲಿಟ್ಟಳು. ಅವಳ ತುಟಿಯ ಬಣ್ಣ ಊಟದಲ್ಲಿ ಅರ್ಧ ಹೋಗಿ, ಮಿಕ್ಕ ಅರ್ಧ ಬಾಯಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

"ನಾನಲ್ಲಿ ಬಣ್ಣದ ಬಿಲ್ಲೆ ಚುಚ್ಕೊಂಡು ಉಳಿಯೋರ ಪರ ಕೇಳ್ತಿದ್ದಾಗ," ಎಂದಳು. "ನೀನು ಹೋಗಿಯಾಗಿತ್ತು."

"ಹೌದು."

"ಈಗ್ಯಾಕೆ ಹೇಳ್ದೆ? ವಾಪಸ್ ತಗೊಂಡ್ಯಲ್ಲ, ಆಯ್ತು. ಸುಮ್ನಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಅದಕ್ಕೇ."

ಡೋರೀನ್ ಅವಳನ್ನು ನೋಡಿದಳು. ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅವರು ಒಬ್ಬರನ್ನೊಬ್ಬರು ಇಷ್ಟು ಹೊತ್ತು ನೋಡಿದ್ದಿಲ್ಲ. ಆ ಕಣ್ಣಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ. ಸಿಟ್ಟಿತ್ತು, ಶುದ್ಧವಾದದ್ದು, ಇಷ್ಟು ವರ್ಷ ಹೇಂಟೆ ಹೇಂಟೆ ಎಂಬ ಮಾತಿನ ಕೆಳಗೆ ಅದುಮಿಟ್ಟುಕೊಂಡದ್ದು. ಮಗಳ ಮೇಲೆ ಮಾಡಬಹುದಾದಂಥ ಸಿಟ್ಟು, ಅಥವಾ ಸಮಾನಳ ಮೇಲೆ. ಐಲ್ಸಾ ಕಣ್ಣು ಕೆಳಗೆ ಮಾಡಲಿಲ್ಲ. ಡೋರೀನ್ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡಳು, ಚೀಲ ಎತ್ತಿಕೊಂಡಳು.

"ಬಸ್ಸಲ್ಲಿ ಹೋಗ್ತೀನಿ."

"ಮಂಜಿದೆ. ನಿಮ್ಮ ಕಾಲು—"

"ನನ್ನ ಕಾಲು ನಂದು. ಅದನ್ನ ನಿಮ್ಮಪ್ಪ ಉಯಿಲಲ್ಲಿ ಬರ್ದಿಲ್ಲ." ಬಾಗಿಲ ಹತ್ತಿರ ಹೋಗಿ ನಿಂತಳು, ತಿರುಗದೆಯೇ ಹೇಳಿದಳು. "ಅವಳಿಗೆ ಚಾ ಕುಡಿಸಿ ಆಗಿಲ್ಲ. ನುಂಗೋಕೆ ಆಗ್ಲಿ ಅಂತ ಗಟ್ಟಿ ಮಾಡಿಟ್ಟಿದಾರೆ, ಆ ಕೊಕ್ಕಿನ ಲೋಟದಲ್ಲಿದೆ. ಒಂದೊಂದೇ ಗುಟುಕು. ನುಂಗಿದ್ಲು ಅಂತ ನೋಡ್ಕೊಂಡು ಇನ್ನೊಂದು. ಅವಸರ ಮಾಡಿದ್ರೆ ನೆತ್ತಿಗೇರತ್ತೆ. ಮುಗಿಯೋವರೆಗೂ ಎದ್ದು ಹೋಗ್ಬೇಡ."

ಕಾರಿಡಾರಿನಲ್ಲಿ ಅವಳ ಹೆಜ್ಜೆ, ಒಂದು ಭಾರ, ಒಂದು ಹಗುರ, ಕೇಳುತ್ತ ಕೇಳುತ್ತ ಕಡಿಮೆಯಾಯಿತು. ಹಿಂದೆ ಓಡಬೇಕೆನ್ನಿಸಿತು. ಓಡುವುದು ಸುಲಭವಿತ್ತು, ಮಂಜಿನಲ್ಲಿ ಬಸ್‌ಸ್ಟಾಪಿನ ತನಕ ಕಾರು ನಿಧಾನಕ್ಕೆ ಓಡಿಸಿಕೊಂಡು, ಗಾಜು ಇಳಿಸಿ, ಕ್ಷಮೆ ಕೇಳಿಕೊಂಡು. ಐಲ್ಸಾ ಡೋರೀನ್ ಕೂತಿದ್ದ ಸ್ಟೂಲಿನ ಮೇಲೆ ಕೂತಳು. ಅದು ಇನ್ನೂ ಬೆಚ್ಚಗಿತ್ತು. ಕೊಕ್ಕಿನ ಲೋಟ ಎತ್ತಿಕೊಂಡು, ಇನ್ನೊಂದು ಕೈಯನ್ನು ಗಲ್ಲದ ಕೆಳಗೆ ಹಿಡಿದಳು, ಅಪ್ಪ ರೋಗಿಗಳಿಗೆ ಹಿಡಿಯುತ್ತಿದ್ದ ಹಾಗಲ್ಲ, ಹೇಗೆಂದು ತಿಳಿಯದವಳ ಹಾಗೆ. ನೆಟ್ಟಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಒಳ್ಳೆಯ ದಿನವನ್ನು ಐಲ್ಸಾ ಅವಳ ಕಣ್ಣೆದುರೇ ಒಡೆದುಹಾಕಿದ್ದಳು, ಅದಕ್ಕೆ ಬದಲು ಕೊಡಲು ಈ ಲೋಟ ಬಿಟ್ಟು ಏನೂ ಇರಲಿಲ್ಲ. ಆ ಕಣ್ಣುಗಳು ಹತ್ತಿರದಿಂದ ಬೂದು ಬಣ್ಣದವು, ಗಡಿಯಾರದೊಳಗಿನ ಕೂದಲೆಳೆಯಂಥ ತಂತಿಯನ್ನು ದಿನವಿಡೀ ನೋಡಿ ಅಭ್ಯಾಸವಾದವು. ಅವು ಐಲ್ಸಾಳ ಮುಖವನ್ನು ತುಂಡು ತುಂಡಾಗಿ ಬಿಚ್ಚಿ, ಯಾವ ತುಂಡನ್ನೂ ಜಾಗಕ್ಕೆ ಕೂರಿಸದೆ, ಹಾಗೇ ಬಿಟ್ಟವು.

"ಒಂದು ಗುಟುಕು," ಐಲ್ಸಾ ಹೇಳಿದಳು.

ನೆಟ್ಟಾ ಬಾಯಿ ತೆರೆಯಲಿಲ್ಲ. ಐಲ್ಸಾ ಲೋಟ ಕೆಳಗಿಡಲಿಲ್ಲ.